ದನದ ಟಾಕ್ಯಾಗಿನ ಮೀನು

ಕಡ್ಲಿ ರಾಶಿ ಮುಗೀತು. ಬಿಳಿಜ್ವಾಳ ಇನ್ನೂ ಹದಿನೈದು ದಿನ ಐತಿ. ನಡುವ ಒಂದೀಟು ಪುರಸೊತ್ತು ಸಿಕ್ಕೈತಿ ಅಂತ ಕುಂತು ಬರಿಯಾಕತ್ತೀನಿ.

ಸಂತ್ಯಾಗ ಸಿಕ್ಕವ್ರು ಮೀನಿನ ಬಗ್ಗೆ ಕೇಳ್ತಾರ. ಕೆಲವ್ರು ಖರೇನ ಕೇಳ್ತಾರ, ಕೆಲವ್ರು ನಗಚಾಟಿಗೆ ಕೇಳ್ತಾರ. "ಕೃಷಿ ಹೊಂಡದಾಗ ಕಾಟ್ಲಾ, ರೋಹು ಬಿಟ್ಟವ್ರು ರೊಕ್ಕಾ ನೋಡ್ತಾರ, ನೀ ಉಗುರಿನಷ್ಟು ಮೀನು ಸಾಕಿ ಏನ್ ಗಳಿಸಿದ್ಯೋ ಮಾರಾಯಾ" ಅಂತ. ಅದರಾಗ ನಮ್ಮದು ಮೀನು ತಿನ್ನೂ ಮನಿ ಅಲ್ಲ. ಹಿಂಗಾಗಿ ಊರಾಗ ಸುದ್ದಿ ಏನೇನೋ ಆಗಿತ್ತು. ಅದಕ್ಕ ಮೊದಲಿಂದ ಬರೀತೀನಿ.

2024ರ ಆಷಾಢದಾಗ ನಮ್ಮ ಮೊಮ್ಮಗಳಿಗೆ ಜ್ವರ ಬಂತು. ಆರು ವರ್ಷದಾಕಿ. ಮೊದಲನೇ ದಿನ ಮಳ್ಯಾಗ ನೆನದಾಳ ಅಂತ ಬಿಟ್ವಿ. ಮೂರನೇ ದಿನಕ್ಕ ಕಣ್ಣು ತಗೀವಲ್ಲಳು, ಮೈಕೈ ನೋವು ಅಂತ ಅಳತಾಳ. ಗದಗಕ್ಕ ಒಯ್ದು ರಕ್ತ ತೋರಿಸಿದ್ರ ಡೆಂಗಿ. ಪ್ಲೇಟ್‌ಲೆಟ್ ಒಂದೂವರೆ ಲಕ್ಷದ ಮ್ಯಾಲ ಇರಬೇಕಾದದ್ದು ಆಕಿದು 38 ಸಾವಿರಕ್ಕ ಬಂದಿತ್ತು. ಆರು ದಿನ ದವಾಖಾನ್ಯಾಗ ಇದ್ವಿ. ಹೆಸರು ಬೆಳೆ ಹೂವಿಗೆ ಬಂದಿತ್ತು, ಒಬ್ಬರೂ ಹೊಲದ ಕಡೆ ಹೊಳ್ಳಿ ನೋಡಲಿಲ್ಲ. ಆ ವರ್ಷ ರಾಜ್ಯದ ತುಂಬ ಡೆಂಗಿ ಇತ್ತು, ನಿಮಗೂ ನೆನಪಿರಬೇಕು. ಸೆಪ್ಟೆಂಬರ್ ತಿಂಗಳದಾಗ ಸರಕಾರದವ್ರು ಅದನ್ನ ಸಾಂಕ್ರಾಮಿಕ ರೋಗ ಅಂತ ಘೋಷಣಾ ಮಾಡಿದ್ರು.

ದೇವರ ದಯಾ, ಹುಡುಗಿ ಆರಾಮಾಗಿ ಮನಿಗೆ ಬಂದ್ಲು. ಮರುದಿನ ಆಶಾ ಅಕ್ಕ ಬಂದ್ರು. ಹಂಡೆ ನೋಡಿದ್ರು, ಬ್ಯಾರಲ್ ನೋಡಿದ್ರು, ಕಡೀಕೆ ದನದ ಕೊಟ್ಟಿಗಿ ಬಾಜೂಕಿನ ಟಾಕಿಗೆ ಬಂದ್ರು. ಬ್ಯಾಟರಿ ಬಿಟ್ಟು "ಅಣ್ಣಾರ, ಇಲ್ಲಿ ನೋಡ್ರಿ" ಅಂದ್ರು. ನೀರಾಗ ಸಣ್ಣ ಸಣ್ಣ ಹುಳ ಬಾಗಿ ಬಾಗಿ ಕುಣಿಯಾಕತ್ತಿದ್ವು. ಒಂದಲ್ಲ ಎರಡಲ್ಲ, ಸಾವಿರ. ಆ ಟಾಕಿ ನಾನ ಕಟ್ಟಿಸಿದ್ದು. 8 ಅಡಿ ಉದ್ದ, 4 ಅಡಿ ಅಗಲ, ಎರಡೂಕಾಲು ಅಡಿ ಆಳ. ಸುಮಾರು ಎರಡು ಸಾವಿರ ಲೀಟರ್ ನೀರು ಹಿಡೀತೈತಿ. ನಲ್ಲಿ ನೀರು ವಾರಕ್ಕೊಮ್ಮೆ ಬರೂ ಊರಾಗ ಅದು ತುಂಬಿರೂದ ಒಂದು ಹೆಮ್ಮಿ ಆಗಿತ್ತು ನನಗ.

ನಾ ಇಷ್ಟು ದಿನ ಗುಂಗಾಡ ಅಂದ್ರ ಗಟಾರದ್ದು ಅಂತ ತಿಳಿದಿದ್ದೆ. ಡೆಂಗಿ ಸೊಳ್ಳಿಗೆ ಗಟಾರ ಬೇಡ, ತಿಳಿ ನೀರ ಬೇಕು. ರಾತ್ರಿ ಅಲ್ಲ, ಹಗಲೊತ್ತು ಕಡೀತೈತಿ. ತತ್ತಿ ಇಟ್ಟದ್ದು ಸೊಳ್ಳಿ ಆಗಿ ಹಾರಾಕ ಒಂದು ವಾರ ಹತ್ತು ದಿನ ಸಾಕು. ಟಾಕಿ ಖಾಲಿ ಮಾಡಿ ಒಣಗಿಸಿದ್ರೂ ಗ್ವಾಡಿಗೆ ಅಂಟಿದ ತತ್ತಿ ತಿಂಗಳಗಟ್ಟಲೆ ಜೀವ ಹಿಡಕೊಂಡು ಇರ್ತಾವ, ನೀರು ಬಿಟ್ಟ ಕೂಡ್ಲೆ ಒಡೀತಾವ. ಅದಕ್ಕ ಬರೇ ಖಾಲಿ ಮಾಡಿದ್ರ ಆಗೂದಿಲ್ಲ, ಬ್ರಷ್ ಹಾಕಿ ತಿಕ್ಕಬೇಕು.

ಹುಡುಗಿಗೆ ಕಡಿದ ಸೊಳ್ಳಿ ನಮ್ಮ ಟಾಕಿದ ಅಂತ ಹೇಳಾಕ ಬರೂದಿಲ್ಲ. ಊರ ತುಂಬ ಇದ್ವು. ಆದ್ರ ಮನಸ್ಸು ಕೇಳಬೇಕಲ್ರಿ. ಆಕಿ ಆಡೂದು ಆ ಟಾಕಿ ಕಟ್ಟಿ ಮ್ಯಾಲೇನ.

ಎರಡು ದಿನ ಬಿಟ್ಟು ಆಶಾ ಅಕ್ಕ ಒಂದು ಪ್ಲಾಸ್ಟಿಕ್ ಚೀಲದಾಗ ಇಪ್ಪತ್ತು ಗಪ್ಪಿ ಮೀನು ತಂದು ಕೊಟ್ರು. ಆರೋಗ್ಯ ಇಲಾಖೆಯವ್ರು ತೊಟ್ಟ್ಯಾಗ ಸಾಕಿರ್ತಾರ, ಕೇಳಿದವ್ರಿಗೆ ಕೊಡ್ತಾರ. ಚೀಲ ಬಿಚ್ಚಿ ಸುರಿಯಾಕ ಹೋದ್ರ "ಹಂಗ ಹಾಕಬ್ಯಾಡ್ರಿ, ಚೀಲ ಅರ್ಧ ತಾಸು ನೀರ ಮ್ಯಾಲ ತೇಲಾಕ ಬಿಡ್ರಿ" ಅಂದ್ರು. ಚೀಲದಾಗಿನ ನೀರು, ಟಾಕಿ ನೀರು ಒಂದ ತಂಪಿಗೆ ಬರಬೇಕು. ಆಮೇಲೆ ಬಿಟ್ವಿ. ನಾಲ್ಕನೇ ದಿನ ಬ್ಯಾಟರಿ ಹಾಕಿ ನೋಡಿದ್ರ ಒಂದು ಹುಳ ಇರಲಿಲ್ಲ. ನಮ್ಮ ಮನಿಯಾಕಿ ಮೊದಲು "ದನ ಕುಡಿಯೋ ನೀರಾಗ ಮೀನಾ?" ಅಂತ ಮಾರಿ ಸಿಂಡರಿಸಿದ್ಲು. ಎತ್ತು ಮೂಗು ಹಾಕಿದ್ರ ಮೀನು ಬದಿಗೆ ಸರೀತಿದ್ವು, ಕುಡುದು ಹೋದ್ರ ಮತ್ತ ಬರ್ತಿದ್ವು. ವಾರದಾಗ ಆಕಿಗೂ ರೂಢಿ ಆತು.

ಒಂದು ಮಾತು ಹೇಳಲಿಕ್ಕೇಬೇಕು. ನಮ್ಮ ಕಡೆ ಬೋರಿನ ನೀರು ಎಂಥಾದ್ದು ನಿಮಗೆಲ್ಲ ಗೊತ್ತು. ಬ್ಯಾಳಿ ಬೇಯೂದಿಲ್ಲ, ಸೋಪು ನೊರಿ ಬರೂದಿಲ್ಲ, ಕೊಡದ ತಳದಾಗ ಬಿಳೇ ಪದರು ಕೂಡ್ತೈತಿ. ಕುಡಿಯಾಕ ಅಂತೂ ಬರೂದಿಲ್ಲ, ಫ್ಲೋರೈಡ್. ಆದ್ರ ಗಪ್ಪಿಗೆ ಇದು ಹಬ್ಬದ ನೀರು! ಗಡಸು ನೀರು ಆ ಜಾತಿಗೆ ಛಲೋ ಒಗ್ಗತೈತಿ. ಈ ಬೋರ್ ಕೊರಿಸಿದ್ದಕ್ಕ ಖುಷಿ ಪಟ್ಟ ಮೊದಲನೇ ಜೀವ ಅಂದ್ರ ಈ ಮೀನ. ನಲ್ಲಿ ನೀರು ಹಾಕೂದಾದ್ರ ಮಾತ್ರ ಒಂದು ದಿನ ಬಕೆಟಿನಾಗ ಬಾಯಿ ತೆರೆದು ಇಡಬೇಕು. ಬ್ಲೀಚಿಂಗ್ ವಾಸನಿ ಹೋಗಬೇಕು, ಇಲ್ಲಾಂದ್ರ ಮೀನು ಉಳಿಯೂದಿಲ್ಲ.

ತಿಂಗಳದಾಗ ಮರಿ ಕಂಡ್ವು. ಗಪ್ಪಿ ತತ್ತಿ ಇಡೂದಿಲ್ರಿ, ಮರೀನ ಹಾಕತೈತಿ. ಸುಮಾರು ನಾಲ್ಕು ವಾರಕ್ಕೊಮ್ಮೆ, ಒಂದು ಸೂಲಿಗೆ ಇಪ್ಪತ್ತರಿಂದ ಐವತ್ತರ ತನಕ. ಇನ್ನೊಂದು ವಿಚಿತ್ರ ಅಂದ್ರ ಹೆಣ್ಣಿಗೆ ಒಮ್ಮೆ ಗಂಡು ಕೂಡಿದ್ರ ಅದರ ಬೀಜ ಹೊಟ್ಟ್ಯಾಗ ತಿಂಗಳಗಟ್ಟಲೆ ಇಟ್ಟುಕೊಂಡು, ಗಂಡಿಲ್ಲದನೂ ಮತ್ತ ಮತ್ತ ಮರಿ ಹಾಕತೈತಿ. ಆಕಳಿಗೆ ಹಿಂಗ ಇದ್ದಿದ್ರ ಹೋರಿ ಹುಡುಕಿಕೊಂಡು ಅಡ್ಡಾಡೋದು ತಪ್ಪತಿತ್ತು.

ಆದ್ರ ಹುಟ್ಟಿದ ಮರಿ ಉಳೀವಲ್ವು. ಹುಡುಗಿ ಮುಂಜಾನೆ ಎಣಿಸಿದ್ರ ಮೂವತ್ತು, ಸಂಜೀಕೆ ಎಂಟು. "ಅಜ್ಜಾ, ಅವರವ್ವನ ತಿನ್ನಾಕತ್ತಾಳು" ಅಂತ ಅಳಕೋತ ಬಂದ್ಲು. ಸುಳ್ಳಲ್ಲ. ಗಪ್ಪಿ ತನ್ನ ಮರೀನ ತಿಂತೈತಿ, ಅಡಗಿಕೊಳ್ಳಾಕ ಜಾಗ ಇಲ್ಲದಿದ್ರ. ಜ್ವರದಿಂದ ಎದ್ದ ಹುಡುಗಿ, ಆಕಿ ಅಳೂದು ನೋಡಾಕ ಆಗಲಿಲ್ಲ. ಅಲ್ಲಿಂದ ಶುರು ಆತು ಗಾಜಿನ ಪೆಟ್ಟಿಗಿ ಕಥಿ.

ಗಜೇಂದ್ರಗಡದಾಗ ಗಾಜು ಕೊರಿಸಿಕೊಂಡು ಬಂದು ನಾನ, ಮಗ ಕೂಡಿ ಸಿಲಿಕಾನ್ ಅಂಟು ಹಚ್ಚಿ ಮಾಡಿದ್ವಿ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರ. ಮೊದಲನೇ ಸಲ ಅವಸರ ಮಾಡಿ ಮರುದಿನಾನ ನೀರು ಹಾಕಿದ್ವಿ, ರಾತ್ರಿ ಪಡಸಾಲಿ ತುಂಬ ನೀರು, ಜ್ವಾಳದ ಚೀಲದ ಬುಡ ತೊಯ್ದು ಬೈಸಿಕೊಂಡೆ. ಅಂಟು ಒಣಗಾಕ ನಾಲ್ಕೈದು ದಿನ ಬಿಡಬೇಕು, ಹುಳಿ ವಾಸನಿ ಪೂರ್ತಿ ಹೋಗಬೇಕು. ಬೂಸ್ಟು ಹಿಡಿಯೂದಿಲ್ಲ ಅಂತ ಔಷಧಿ ಕೂಡಿಸಿದ ಸಿಲಿಕಾನ್ ಬರ್ತೈತಿ, ಬಾತ್‌ರೂಮಿಗೆ ಹಚ್ಚೂದು. ಅದು ಮೀನಿಗೆ ವಿಷ, ಅದನ್ನ ತರಬ್ಯಾಡ್ರಿ.

ಪೆಟ್ಟಿಗ್ಯಾಗ ಗಿಡ ಹಚ್ಚಾಕ ಮಣ್ಣು ಬೇಕಲ್ಲ. ನಮ್ಮ ಹೊಲದ ಎರಿ ಮಣ್ಣು ಇದ್ದಂಗ ಮತ್ತೇನು ಬೇಕು ಅಂತ ಎರಡು ಬುಟ್ಟಿ ತಂದು ಹಾಕಿದೆ. ಎರಿ ಮಣ್ಣಿನ ಗುಣ ಗೊತ್ತಿದ್ದೂ ಹಾಕಿದ್ನಲ್ಲ, ಆ ಬುದ್ಧಿಗೆ ಏನನ್ನಬೇಕು. ನೀರು ಕುಡುದು ಉಬ್ಬಿತು, ನೀರೆಲ್ಲ ರಾಡಿ ಆತು, ಎಂಟು ದಿನ ಕಾಯ್ದ್ರೂ ತಿಳಿ ಆಗಲಿಲ್ಲ. ಎಲ್ಲಾ ಹೊರಗ ಚೆಲ್ಲಿ, ಗಜೇಂದ್ರಗಡದ ಗುಡ್ಡದ ಕಡೆ ಹೊಲ ಇರೋ ಬೀಗರ ಹತ್ರ ಮಸಾರಿ ಮಣ್ಣು ಇಸಗೊಂಡು ಬಂದು, ಸೋಸಿ, ಒಂದೂವರೆ ಇಂಚು ಹಾಸಿ, ಮ್ಯಾಲ ತೊಳೆದ ಉಸುಕು ಒಂದು ಇಂಚು ಹಾಕಿದೆ. ಅದು ಕೂಡಿತು. ನರಗುಂದದ ಕಡೆ ಎರಿ ಹೊಲದವ್ರು ಯಾರರೆ ಮಾಡೂದಿದ್ರ ಮಸಾರಿ ಹುಡುಕ್ರಿ. ಗಿಡಕ್ಕ ಹಳ್ಳಕ್ಕ ಹೋಗಿ ಪಾಚಿ ತಂದೆ, ಪುಸ್ತಕದಾಗ ಹೈಡ್ರಿಲ್ಲಾ ಅಂತಾರಲ್ಲ ಅದು. ಬೇರು ಬೇಕಂತನೂ ಇಲ್ಲ, ತುಂಡು ಮಾಡಿ ಚುಚ್ಚಿದ್ರ ಬೆಳೀತೈತಿ. ಗದಗಿನ ಅಂಗಡಿಯಿಂದ ರಿಬ್ಬನ್ನಿನಂಗ ಉದ್ದ ಎಲಿ ಇರೋ ವ್ಯಾಲಿಸ್ನೇರಿಯಾ ನಾಲ್ಕು ಸಸಿ ತಂದೆ. ಕಿಡಕಿ ಬಾಜೂಕ ಇಟ್ಟೆ, ಆದ್ರ ನೇರ ಬಿಸಲು ಬೀಳಲಾರದಂಗ. ಬಿಸಲು ಬಿದ್ರ ನೀರು ಹಸರು ಆಗ್ತೈತಿ.

ಮರುದಿನ ಹದಿನೈದು ಮೀನು ಬಿಟ್ಟೆ. ವಾರ ತುಂಬೂದ್ರಾಗ ಒಂಬತ್ತು ಸತ್ವು. ನೀರು ತಿಳಿ ಐತಿ, ಕಾಳು ಹಾಕೀನಿ, ಯಾಕ ಸತ್ವು? ಗದಗಿನ ಅಂಗಡಿ ಹುಡುಗ ಬಿಡಿಸಿ ಹೇಳಿದ. ಮೀನಿನ ಉಚ್ಚಿ ಹೇಲು, ತಿನ್ನದ ಉಳಿದ ಕಾಳು ಕೊಳೆತು ಅಮೋನಿಯಾ ಆಗ್ತೈತಿ. ಅದು ವಿಷ. ಅದನ್ನ ಒಂದು ಜಾತಿ ಬ್ಯಾಕ್ಟೀರಿಯಾ ತಿಂದು ನೈಟ್ರೈಟ್ ಮಾಡ್ತೈತಿ, ಅದೂ ವಿಷ. ಇನ್ನೊಂದು ಜಾತಿ ಅದನ್ನ ನೈಟ್ರೇಟ್ ಮಾಡ್ತೈತಿ, ಅದನ್ನ ಗಿಡ ಉಣ್ಣತೈತಿ. ಹೊಸಾ ಪೆಟ್ಟಿಗ್ಯಾಗ ಆ ಬ್ಯಾಕ್ಟೀರಿಯಾ ಇರೂದಿಲ್ಲ, ಬೆಳಿಯಾಕ ನಾಲ್ಕರಿಂದ ಆರು ವಾರ ಬೇಕು. ಅವನ ಮಾತು ಕೇಳಿ ನಾ ನಕ್ಕುಬಿಟ್ಟೆ. ಇದು ನಾವು ಹಾಕೋ ಯೂರಿಯಾದ ಕಥೀನ ಅಲ್ಲೇನ್ರಿ. ಯೂರಿಯಾ ಚೆಲ್ಲಿದ್ರ ಮಣ್ಣಾಗ ಮೊದಲು ಅಮೋನಿಯಾ, ಆಮೇಲೆ ನೈಟ್ರೇಟ್, ಆಮೇಲೆ ಬೆಳಿ ಬಾಯಿಗೆ. ಮೂವತ್ತು ವರ್ಷ ಯೂರಿಯಾ ಎರಚಿದವ ನಾನು, ಅದು ಮಣ್ಣಿನೊಳಗ ಏನ್ ಮಾಡ್ತೈತಿ ಅನ್ನೂದು ಗಾಜಿನ ಪೆಟ್ಟಿಗ್ಯಾಗ ಒಂಬತ್ತು ಮೀನು ಸತ್ತ ಮ್ಯಾಲ ತಿಳೀತು.

ಒಂದೂವರೆ ತಿಂಗಳು ಎರಡ ಎರಡು ಮೀನು ಬಿಟ್ಟು, ವಾರಕ್ಕೊಮ್ಮೆ ಕಾಲು ಭಾಗ ನೀರು ತಗದು ಹೊಸಾ ನೀರು ಹಾಕಿದೆ. ತಗದ ನೀರು ಬದನಿ ಗಿಡಕ್ಕ. ಅದಾದ ಮ್ಯಾಲ ತೊಂದ್ರಿ ಬರಲಿಲ್ಲ. ಗಿಡ ದಟ್ಟ ಆದ್ವು. ಬಸಿರಿ ಮೀನು ಗುರ್ತು ಹಿಡಿಯೂದು ಹುಡುಗಿ ನನಗಿಂತ ಮೊದಲು ಕಲಿತ್ಲು. ಹೊಟ್ಟಿ ಹಿಂದ ಕರೇ ಮಚ್ಚಿ ಕಾಣ್ತೈತಿ, ದಿನ ತುಂಬಿದಂಗ ಹೊಟ್ಟಿ ಚೌಕ ಆಗ್ತೈತಿ. ಅಂಥಾದ್ದನ್ನ ಟಾಕಿಯಿಂದ ಹಿಡಿದು ಪೆಟ್ಟಿಗ್ಯಾಗ ಬಿಡೂದು, ಮರಿ ಹಾಕಿದ ಮ್ಯಾಲ ತಾಯೀನ ಹೊಳ್ಳಿ ಟಾಕಿಗೆ ಬಿಡೂದು. ಮರಿ ಪಾಚಿ ಸಂದ್ಯಾಗ ಉಳೀತಿದ್ವು. ಎರಡು ಮೂರು ತಿಂಗಳಿಗೆ ಅವೂ ಮರಿ ಹಾಕಾಕ ಬರ್ತಾವ. ಮರಿಗೆ ಉಣ್ಣಾಕ ಕಾಳನ್ನ ಹಿಟ್ಟಿನಂಗ ಪುಡಿ ಮಾಡಬೇಕು. ಸೊಳ್ಳಿ ಹುಳ ಕೊಟ್ರ ಭಾಳ ಜಲ್ದಿ ಬೆಳೀತಾವ ಅಂತ ನಾ ಹಿತ್ತಲದಾಗ ಒಂದು ಬಕೆಟ್ ನೀರಿಟ್ಟು ಹುಳ ಬೆಳೆಸಾಕ ಹತ್ತಿದ್ದೆ. ನಮ್ಮ ಮನಿಯಾಕಿ ನೋಡಿ ಬಕೆಟ್ ಒದ್ದ್ಲು. "ಡೆಂಗಿ ಬಂತಂತ ಮೀನು ತಂದ್ರಿ, ಈಗ ಮೀನಿಗಂತ ಡೆಂಗಿ ಸಾಕ್ತೀರೇನ್ರೀ?" ಅಂದ್ಲು. ನನ್ನ ಹತ್ರ ಜವಾಬು ಇರಲಿಲ್ಲ.

ಈಗ ಮುಖ್ಯ ಸಂಗತಿಗೆ ಬರ್ತೀನಿ. ಇದನ್ನ ಬರೀಲ್ಯೋ ಬ್ಯಾಡೋ ಅಂತ ಒಂದು ವರ್ಷ ಕಾಯ್ದೀನಿ.

2024ರ ಡಿಸೆಂಬರ್. ಕಡ್ಲಿ ಕಾಯಿ ಕಟ್ಟಿತ್ತು, ಕಾಯಿ ಕೊರೆಯೋ ಕೀಡಿ ಬಿದ್ದಿತ್ತು. ನೀವು ಹೊಡೆಯೋ ಎಣ್ಣೀನ ನಾನೂ ತಂದೆ, ಪ್ರೊಫೆನೊಫಾಸ್ 40, ಸೈಪರ್‌ಮೆಥ್ರಿನ್ 4 ಕೂಡಿಸಿದ್ದು. ಆಗ ಟಾಕ್ಯಾಗ ಮುನ್ನೂರಕ್ಕ ಕಡಿಮಿ ಇಲ್ಲದಂಗ ಮೀನು ಆಗಿದ್ವು. ಮುಂಜಾನೆ ಆರಕ್ಕ ಎದ್ದು ಹೊಲಕ್ಕ ಹೋಗಿ ಮಧ್ಯಾಹ್ನ ಹೊಳ್ಳಿ ಬಂದ್ರ ಹುಡುಗಿ ಟಾಕಿ ಕಟ್ಟಿ ಮ್ಯಾಲ ಸುಮ್ಮನ ನಿಂತಿದ್ಲು. ನೀರ ಮ್ಯಾಲ ಬೆಳ್ಳಗ ಹೊಟ್ಟಿ ಮ್ಯಾಲ ಮಾಡಿ ಎಲ್ಲಾ ಮೀನು ತೇಲಾಕತ್ತಿದ್ವು. ಕೆಲವು ಇನ್ನೂ ಗಿರಗಿರ ತಿರಗತಿದ್ವು. ಆಕಿ ಅಳಲಿಲ್ಲ, ಅದ ನನಗ ಭಾಳ ತ್ರಾಸ ಆತು.

ನಾ ಮೊದಲು ಮಾಡಿದ ಕೆಲಸ ಅಂದ್ರ ಆಳಿಗೆ ಬೈದದ್ದು. ಪಂಪು ಟಾಕ್ಯಾಗ ತೊಳೆದಿ ಅಂತ ಬಾಯಿಗೆ ಬಂದಂಗ ಅಂದೆ. ಅಂವ "ಇಲ್ರೀ ಧಣಿ, ನಾ ಇವತ್ತ ಪಂಪು ಮುಟ್ಟೇ ಇಲ್ಲ" ಅಂದ. ನಮ್ಮ ಮನಿಯಾಕಿ ಒಳಗಿಂದ ಬಂದು ಸಣ್ಣ ದನಿಲೆ ಅಂದ್ಲು: "ಅವಗ ಯಾಕ ಬೈತೀರಿ. ಮುಂಜಾನೆ ನೀವ ಅಲ್ಲೇನು, ಆ ನೀಲಿ ಬಕೆಟಿನಾಗ ನೀರು ತುಂಬಿಕೊಂಡು ಹೋದವ್ರು."

ಖರೆ. ಹಿಂದಿನ ದಿನ ಎಣ್ಣಿ ಕಲಸಿದ್ದ ಬಕೆಟ್. ಜಳಕ ಹೊಡದು ಇಟ್ಟಿದ್ದೆ, ತೊಳೆದೀನಿ ಅಂತ ಅನಕೊಂಡಿದ್ದೆ. ಮುಂಜಾನೆ ಹೊಲದಾಗ ನೀರಿಲ್ಲ ಅಂತ ಅದನ್ನ ಟಾಕ್ಯಾಗ ಮುಳುಗಿಸಿ ನಾಲ್ಕು ಸಲ ತುಂಬಿದ್ದೆ. ಅಷ್ಟ.

ರಾತ್ರಿ ನಿದ್ದಿ ಬರಲಿಲ್ಲ. ಮಗಳು ಓದಿದ ಹಳೇ ನೋಟ್‌ಬುಕ್ ತಗೊಂಡು ಲೆಕ್ಕ ಹಾಕಿದೆ. ಬಾಟ್ಲಿ ಮ್ಯಾಲ ಬರೆದಂಗ ಆದ್ರ ಒಂದು ಮಿಲಿ ಎಣ್ಣ್ಯಾಗ 400 ಮಿಲಿಗ್ರಾಂ ಪ್ರೊಫೆನೊಫಾಸ್, 40 ಮಿಲಿಗ್ರಾಂ ಸೈಪರ್‌ಮೆಥ್ರಿನ್. ಬಕೆಟಿನ ಅಂಚಿಗೆ ಹಿಡಿಕಿ ಸಂದಿಗೆ ಬರೇ ಒಂದು ಮಿಲಿ ಉಳಿದಿದ್ರೂ, ಎರಡು ಸಾವಿರ ಲೀಟರಿಗೆ ಹಂಚಿದ್ರ ಲೀಟರಿಗೆ 0.2 ಮಿಲಿಗ್ರಾಂ ಒಂದು, 0.02 ಮಿಲಿಗ್ರಾಂ ಇನ್ನೊಂದು. ಅಷ್ಟು ಸಾಕು ಗಪ್ಪಿ ಸಾಯಾಕ. ನಾವು ಒಂದು ಪಂಪಿಗೆ ಎಷ್ಟು ಮಿಲಿ ಹಾಕ್ತೀವಿ ನೀವ ನೆನಸಿಕೊಳ್ರಿ. ಬಾಟ್ಲಿ ಚೀಟ್ಯಾಗ ಮೀನಿಗೆ ವಿಷ ಅಂತ ಸಣ್ಣ ಅಕ್ಷರದಾಗ ಬರೆದಿರ್ತೈತಿ. ನಾವು ಓದೂದು ಯಾವ ಹುಳಕ್ಕ ಎಷ್ಟು ಅನ್ನೂದು ಅಷ್ಟ.

ಆದ್ರ ನಿದ್ದಿ ಕೆಡಿಸಿದ್ದು ಮೀನಲ್ಲ. ಆ ಟಾಕಿ ಕಟ್ಟಿಸಿ ಹದಿನೈದು ವರ್ಷ ಆಗಿತ್ತು. ಹದಿನೈದು ವರ್ಷ ಹತ್ತಿ, ಮೆಣಸಿನಕಾಯಿ, ಹೆಸರು, ಕಡ್ಲಿ ಎಲ್ಲಾದಕ್ಕೂ ಎಣ್ಣಿ ಹೊಡದೀನಿ. ಎಷ್ಟು ಸಲ ಆ ಬಕೆಟ್ ಅದ ಟಾಕ್ಯಾಗ ಮುಳುಗೈತಿ, ಎಷ್ಟು ಸಲ ಪಂಪಿನ ನಾಝಲ್ ಅಲ್ಲೇ ಝಾಡಿಸೀನಿ, ಲೆಕ್ಕ ಇಲ್ಲ. ಆವಾಗ ಮೀನು ಇರಲಿಲ್ಲ, ಹಿಂಗಾಗಿ ಏನೂ ಸಾಯಲಿಲ್ಲ, ಹಿಂಗಾಗಿ ಏನೂ ಆಗಿಲ್ಲ ಅಂತ ತಿಳಿದೆ. ಎತ್ತು ಕುಡುದಾವ. ಎಮ್ಮಿ ಕುಡುದೈತಿ, ಅದರ ಹಾಲು ಹುಡುಗಿ ಕುಡುದಾಳ. ಅದರಿಂದ ಯಾರಿಗೆ ಏನಾತು ಅಂತ ನಾ ಹೇಳಾಕತ್ತಿಲ್ಲ. ದನದ ಮೈ ದೊಡ್ಡದು, ಮೀನಿನಂಗ ಅಲ್ಲ. ಆದ್ರ ನೀರಾಗ ಅದು ಇತ್ತು, ನಾನ ಹಾಕಿದ್ದೆ.

ಮರುದಿನ ಆಳಿನ ಮನಿಗೆ ಹೋಗಿ ತಪ್ಪು ನಂದ ಅಂದೆ. ಅಂವ "ಇರಲಿ ಬಿಡ್ರಿ" ಅಂದ, ಮಾರಿ ಮಾತ್ರ ಎತ್ತಲಿಲ್ಲ. ಟಾಕಿ ಖಾಲಿ ಮಾಡಿ, ಆ ನೀರು ಹಳ್ಳಕ್ಕ ಹರಿದು ಹೋಗಲಾರದಂಗ ಬೀಳು ಬಿದ್ದ ಬದುವಿನ ಒಳಗ ಹಿಂಗಿಸಿ, ಎರಡು ಸಲ ತಿಕ್ಕಿ ತೊಳೆದು ಬಿಸಲಿಗೆ ಬಿಟ್ವಿ. ಎಣ್ಣಿ ಸಾಮಾನಿಗೆ ಹೊಲದಾಗ ಬ್ಯಾರೇ ಬ್ಯಾರಲ್, ಬ್ಯಾರೇ ಬಕೆಟ್ ಮಾಡೀನಿ, ಬಕೆಟಿಗೆ ಕೆಂಪು ಬಣ್ಣ ಬಳದೀನಿ. ಅದು ಮನಿ ಅಂಗಳಕ್ಕ ಬರೂದಿಲ್ಲ.

ಪಡಸಾಲಿ ಪೆಟ್ಟಿಗ್ಯಾಗ ಹನ್ನೊಂದು ಮರಿ ಇದ್ವು. ಅವಕ್ಕ ಬೋರಿನಿಂದ ನೇರ ನೀರು ಹಾಕ್ತಿದ್ವಿ, ಅದಕ್ಕ ಉಳಿದಿದ್ವು. ಟಾಕಿ ತುಂಬಿ, ಮೊದಲು ಎರಡು ಮೀನು ಬಿಟ್ಟು ವಾರ ನೋಡಿದೆ. ಬದುಕಿದ್ವು. ಆಮೇಲೆ ದನಕ್ಕ ನೀರು ಬಿಟ್ಟೆ. ಹನ್ನೊಂದರಿಂದ ಮತ್ತ ವಂಶ ಬೆಳೀತು. ಆದ್ರ ಹೋದ ಶ್ರಾವಣದ ಹೊತ್ತಿಗೆ ಬೆನ್ನು ಡೊಂಕಾದ ಮರಿ ಹುಟ್ಟಾಕ ಹತ್ತಿದ್ವು. ಒಂದ ರಕ್ತದಾಗ ಕೂಡಿದ್ರ ಹಂಗ ಆಗ್ತೈತಿ, ಕುರಿ ಹಿಂಡಿನಾಗ ಟಗರು ಬದಲಿ ಮಾಡ್ತೀವಲ್ಲ ಅದ ನಿಯಮ. ನರೇಗಲ್ ಕಡೆಯ ಒಬ್ಬ ಗೆಳೆಯನ ಹತ್ರ ಆರು ಗಂಡು ತಂದು ಬಿಟ್ಟೆ, ನನ್ನವು ಆರು ಅವಗ ಕೊಟ್ಟೆ. ಈಗ ಬಾಲಕ್ಕ ಹಳದಿ ಬಣ್ಣ ಬಂದಾವ.

ಇನ್ನೊಂದು ವಿಷಯಕ್ಕ ಒಂದಿಬ್ಬರು ನನ್ನ ಮ್ಯಾಲ ಸಿಟ್ಟಾಗ್ಯಾರ. ಕೆರಿಗೆ, ಹಳ್ಳಕ್ಕ ಬಿಡಾಕ ಮೀನು ಕೇಳಿದ್ರು, ನಾ ಕೊಡಲಿಲ್ಲ. ಗಪ್ಪಿ ದಕ್ಷಿಣ ಅಮೆರಿಕದ ಕಡೇದು. ಅದರ ಜೋಡಿ ಸೊಳ್ಳಿಗೆ ಅಂತ ಬಿಡೋ ಗಾಂಬೂಸಿಯಾ 1928ರ ಸುಮಾರಿಗೆ ಇಟಲಿಯಿಂದ ನಮ್ಮ ದೇಶಕ್ಕ ಬಂದದ್ದು. ಇವು ಸೊಳ್ಳಿ ಹುಳ ಅಷ್ಟ ತಿನ್ನೂದಿಲ್ಲ, ಬ್ಯಾರೇ ಮೀನಿನ ತತ್ತಿ, ಮರಿ ಸೈತ ಬಿಡೂದಿಲ್ಲ. ಸಣ್ಣವರಿದ್ದಾಗ ಹಳ್ಳದಾಗ ನೀರ ಮ್ಯಾಲ ಮ್ಯಾಲ ಈಸ್ಯಾಡೋ ಮೀನು ನೋಡೀರಿ ನೀವು, ತಲಿ ಮ್ಯಾಲ ಬೆಳ್ಳಿ ಚುಕ್ಕಿ ಇರೂದು. ಅದು ನಮ್ಮ ನೆಲದ ಮೀನು, ಅದೂ ಸೊಳ್ಳಿ ಹುಳ ತಿಂತೈತಿ. ಅದು ಇರೋ ಜಾಗಕ್ಕ ಹೊರಗಿನದನ್ನ ಬಿಟ್ಟು ಅದನ್ನ ಯಾಕ ಕೊಲ್ಲಬೇಕು. 2019ರಾಗ ಮಲಪ್ರಭಾ ಉಕ್ಕಿದಾಗ ಹೊಳೆಆಲೂರು, ಕೊಣ್ಣೂರು ಕಡೆ ಏನಾತು ನೋಡೀವಿ. ಹಂಗ ನೀರು ಬಂದ್ರ ಹಳ್ಳದಂಡಿ ಹೊಂಡದಾಗಿಂದು ಎಲ್ಲಾ ಹೊಳಿಗೆ ಹೋಗ್ತೈತಿ. ಅದಕ್ಕ ದನದ ಟಾಕಿ, ಮನಿ ತೊಟ್ಟಿ, ಹರಿದು ಹೋಗಲಾರದ ನೀರು, ಇಷ್ಟಕ್ಕ ಮಾತ್ರ ಕೊಡ್ತೀನಿ. ಕೆರಿಗೆ ಬೇಕಂದ್ರ ಸಿಟ್ಟಾದ್ರೂ ಇಲ್ಲ.

ಕುಡಿಯೋ ನೀರಿನ ಬ್ಯಾರಲ್ಲಿಗೆ ಮೀನು ಬ್ಯಾಡ. ಅದನ್ನ ಬಟ್ಟಿ ಕಟ್ಟಿ ಮುಚ್ಚರಿ, ವಾರಕ್ಕೊಮ್ಮೆ ಖಾಲಿ ಮಾಡಿ ತಿಕ್ಕರಿ.

ಈಗ ಟಾಕ್ಯಾಗ ಇನ್ನೂರರ ಆಸುಪಾಸು ಐದಾವ. ಹುಡುಗಿ ಎರಡನೇತ್ತೆ ಓದತಾಳ, ದಿನಾ ಸಾಲಿಗೆ ಹೋಗೂ ಮೊದಲು ಒಂದು ಸುತ್ತು ಹಾಕಿ ನೋಡ್ತಾಳ. ನಾ ಹೊಲದಿಂದ ಬಂದ್ರ ಮೊದಲು ನನ್ನ ಕೈ ನೋಡ್ತಾಳ, ಎಣ್ಣಿ ವಾಸನಿ ಐತೇನ ಅಂತ.

ಮೀನು ಬೇಕಾದವ್ರು ಬರ್ರಿ, ರೊಕ್ಕಾ ಏನೂ ಬ್ಯಾಡ. ಐದು ಹೆಣ್ಣು ಎರಡು ಗಂಡು ಕೊಡ್ತೀನಿ, ಒಂದು ಟಾಕಿಗೆ ಸಾಕು. ಮುಂಜಾನೆ ತಂಪೊತ್ತಿನ್ಯಾಗ ಬರ್ರಿ. ಒಯ್ಯಾಕ ಹೊಸಾ ಪ್ಲಾಸ್ಟಿಕ್ ಚೀಲ ತರ್ರಿ. ಹೊಲದ ಬಕೆಟ್ ತರಬ್ಯಾಡ್ರಿ, ತಂದ್ರೂ ಹುಡುಗಿ ಹಾಕಾಕ ಬಿಡೂದಿಲ್ಲ.